ಮೊಟ್ಟೆ ಗಾಡಿ ಎತ್ತರವಾದದ್ದು

ಜೋಪಾನಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಅದು ಈಗ ಯಾರಿಗೂ ಬೇಕಿಲ್ಲ. ಅಂಗಡಿಯವರು ಮೊಟ್ಟೆ ಟ್ರೇ ಇಳಿಸಿಕೊಳ್ಳಲು ಕೈ ಚಾಚಿದರೆ ಸಾಕು, "ಜೋಪಾನ, ಜೋಪಾನ" ಎಂದು ಇವನ ಬಾಯಿ ತಾನಾಗಿಯೇ ಶುರುವಾಗುತ್ತದೆ. ನಿದ್ದೆಯಲ್ಲೂ ಒಮ್ಮೊಮ್ಮೆ ಹಾಗೆ ಗೊಣಗುತ್ತಾನೆ ಎನ್ನುವುದು ಹೆಂಡತಿಯ ದೂರು. ಆಳು ಕುಳ್ಳ, ಹೊಟ್ಟೆ ಸ್ವಲ್ಪ ಮುಂದೆ, ಮುಖದಲ್ಲಿ ಸದಾ ಯಾರೋ ಈಗ ತಾನೇ ಒಳ್ಳೆ ಸುದ್ದಿ ಹೇಳಿಹೋದ ಕಳೆ. ಬೇರೆಯವರ ಕೈದಾಟಿ ಬಂದ ಒಂದು ಪಿಕಪ್ ಗಾಡಿ ಇವನ ಆಸ್ತಿ. ದಿನ ಬಿಟ್ಟು ದಿನ ಗುಡ್ಡ ಹತ್ತಿ ಅಕ್ಕನ ಕೋಳಿ ಶೆಡ್ಡಿನಿಂದ ಮೊಟ್ಟೆ ತಂದು ಅಂಗಡಿಗಳಿಗೆ, ಬೇಕರಿಗಳಿಗೆ ಹಾಕುವುದು ಇವನ ಕೆಲಸ.

ಅಕ್ಕ ಎಂದರೆ ಅಂತಿಂಥ ಅಕ್ಕ ಅಲ್ಲ. ತಾಯಿ ಹೋದಾಗ ಇವನಿನ್ನೂ ಚಡ್ಡಿ ಹಾಕಲು ಬಾರದ ಮಗು. ಸೊಂಟದ ಮೇಲೆ ಕೂರಿಸಿಕೊಂಡೇ ಸಾಕಿದವಳು ಅವಳು. ಗಂಡ ತೀರಿಕೊಂಡ ಮೇಲೆ ಗುಡ್ಡದ ಮೇಲಿನ ಬರಡು ಜಾಗದಲ್ಲಿ ಒಬ್ಬಳೇ ನಿಂತು ಶೆಡ್ಡು ಕಟ್ಟಿಸಿದಳು. ಕೋಳಿಗಳನ್ನು ಬಯ್ಯುತ್ತಾ, ಕಾಳು ಹಾಕುತ್ತಾ, ಮತ್ತೆ ಬಯ್ಯುತ್ತಾ ಅವಳ ದಿನ ಕಳೆಯುತ್ತದೆ. ಒಂದು ಒಳ್ಳೆ ಮಾತು ಅವಳ ಬಾಯಿಂದ ಉದುರಿಸುವುದು ಕಷ್ಟದ ಕೆಲಸ. ಆದರೆ ತಮ್ಮ ಬರುವ ದಿನ ಸ್ಟವ್ ಮೇಲೆ ಚಹಾ ಮಾತ್ರ ತಪ್ಪದೆ ಇರುತ್ತದೆ.

ಈ ಸಲದ ಮಳೆ ಗುಡ್ಡದ ದಾರಿಯ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಬರೀ ಕಲ್ಲು ಉಳಿಸಿತು. ಅರ್ಧ ದಾರಿಗೆ ಪಿಕಪ್ಪಿನ ಹೊಟ್ಟೆ ಬಂಡೆಗೆ ಬಡಿದು ನಿಲ್ಲುತ್ತಿತ್ತು. ಗಂಡ ಹೆಂಡತಿ ಇಬ್ಬರೂ ತಿಂಗಳುಗಟ್ಟಲೆ ತಲೆಯ ಮೇಲೆ ಟ್ರೇ ಹೊತ್ತು ಇಳಿಸಿದರು. ಹೆಂಡತಿಯ ಮಂಡಿ ಊದಿಕೊಂಡಿತು. ಅದನ್ನು ನೋಡಿದ ಅಕ್ಕ ಒಂದು ದಿನ ತಣ್ಣಗೆ ಹೇಳಿದಳು: "ಶೆಡ್ಡು ಕೇಳ್ಕೊಂಡು ಒಬ್ಬರು ಬಂದಿದ್ರು. ಗೋಡೌನ್ ಮಾಡ್ತಾರಂತೆ. ಕೊಟ್ಟುಬಿಟ್ಟು ನಿಮ್ಮನೆಗೆ ಬಂದಿರ್ತೀನಿ."

ಮನೆಗೆ ಅಕ್ಕ ಬಂದರೆ ಇವನಿಗೇನು ಬೇಜಾರೇ? ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಳ್ಳುತ್ತಾನೆ. ಆದರೆ ಹಿಂದಿನ ಕೋಣೆಯ ಮಂಚದ ಮೇಲೆ, ಬಯ್ಯಲು ಒಂದು ಕೋಳಿಯೂ ಇಲ್ಲದೆ, ಅತಿಥಿಯ ಹಾಗೆ ಕೈಕಟ್ಟಿ ಕೂತ ಅಕ್ಕನನ್ನು ನೆನೆಸಿಕೊಳ್ಳಲೂ ಅವನಿಂದಾಗಲಿಲ್ಲ. ಅವಳು ಕೂತಲ್ಲೇ ಕರಗಿಹೋಗುತ್ತಾಳೆ ಎನ್ನುವುದು ಅವನಿಗೆ ಖಾತ್ರಿ.

ನೇರ ಹೋದದ್ದು ಹೆಂಡತಿಯ ಅಣ್ಣನ ಗ್ಯಾರೇಜಿಗೆ. ಆ ಭಾವ ಹುಟ್ಟಿದಾಗಿನಿಂದ ಕಲ್ಲು, ಮರಳು ಹೊರುವ ಲಾರಿಗಳ ಕೆಳಗೇ ಮಲಗಿದ ಮನುಷ್ಯ.

"ಭಾವ, ಗಾಡಿ ಎತ್ತರ ಮಾಡಬೇಕು."

"ಯಾಕೆ, ನೀನು ಬೆಳೆಯೋದು ನಿಂತುಹೋಯ್ತು ಅಂತ ಗಾಡೀನಾದ್ರೂ ಬೆಳೆಸೋಣ ಅಂತಲಾ?"

ತಮಾಷೆ ಮುಗಿದ ಮೇಲೆ ಇಬ್ಬರೂ ಕೂತು ಯೋಚಿಸಿದರು. ಹೊಸ ಸಾಮಾನು ಹಾಕಿಸಬೇಕೆಂದರೆ ಗಾಡಿಯನ್ನೇ ಮಾರಬೇಕು. ಹಾಗಾಗಿ ಗುಜರಿ ಅಂಗಡಿ ಸುತ್ತಿದರು. ಹಳೇ ಲಾರಿಯಿಂದ ಬಿಚ್ಚಿದ, ಭಾರ ಬಿದ್ದಾಗ ಬಗ್ಗಿ ಏಳುವ ಕಮಾನು ಪಟ್ಟಿಗಳು ಸಿಕ್ಕವು. ಶೋಕಿಗೆಂದು ಹೊಸ ಟೈರು ಹಾಕಿಸಿಕೊಂಡ ಜೀಪಿನವನೊಬ್ಬ ಬಿಟ್ಟುಹೋದ ದಪ್ಪ ಟೈರುಗಳು ಸಿಕ್ಕವು, ಇನ್ನೂ ಹಲ್ಲು ಸವೆದಿರಲಿಲ್ಲ. ಭಾವ ಗಾಡಿಯ ಕಮಾನುಗಳಿಗೆ ಆ ಪಟ್ಟಿಗಳನ್ನು ಸೇರಿಸಿ ಬಿಗಿದ. ಬ್ರೇಕಿನ ಪೈಪು ಎಳೆದುಕೊಳ್ಳದ ಹಾಗೆ ಉದ್ದದ್ದು ಹಾಕಿದ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಅಲ್ಲಿನ ತಗಡನ್ನು ಕತ್ತರಿಸಿ ಅಂಚು ಮಡಚಿದ.

"ಮೀಟರ್ ನಂಬಬೇಡ," ಎಂದ ಭಾವ. " ಚಕ್ರ ದೊಡ್ಡದಾಯ್ತಲ್ಲ, ಮುಳ್ಳು ತೋರಿಸೋದಕ್ಕಿಂತ ಜಾಸ್ತಿನೇ ಓಡ್ತಿರುತ್ತೆ."

ಗಾಡಿ ಬೀದಿಗೆ ಬಂದಾಗ ಎದುರು ಮನೆಯವರೆಲ್ಲ ಹೊರಗೆ ಬಂದರು. ಜೋಪಾನಣ್ಣ ಹತ್ತಲು ಒಂದು ಕಾಲೆತ್ತಿದ, ಎಟುಕಲಿಲ್ಲ. ಇನ್ನೊಂದು ಕಾಲೆತ್ತಿದ, ಅದೂ ಎಟುಕಲಿಲ್ಲ. ಕೊನೆಗೆ ಬಾಗಿಲ ಹಿಡಿಗೆ ಜೋತುಬಿದ್ದು, ಹೊಟ್ಟೆಯ ಮೇಲೆ ತೆವಳಿ ಸೀಟು ಸೇರಿದ.

"ರೀ, ಏಣಿ ಕೊಡ್ಲಾ?" ಹೆಂಡತಿ ಬಾಗಿಲಲ್ಲಿ ಬಿದ್ದು ಬಿದ್ದು ನಕ್ಕಳು.

ಮೊದಲ ದಿನ ಕೋಳಿ ಆಹಾರದ ಮೂಟೆ ತುಂಬಿಕೊಂಡು ಗುಡ್ಡ ಹತ್ತಿದ ಸಡಗರ ಏನು ಕೇಳುತ್ತೀರಿ! ಬಂಡೆಗಳು ಹೊಟ್ಟೆಯ ಕೆಳಗೆ ತೆಪ್ಪಗೆ ಹಾದುಹೋದವು. ದಾರಿಯುದ್ದಕ್ಕೂ ಶಿಳ್ಳೆ. ಅಕ್ಕ ಗಾಡಿಯನ್ನು ಸುತ್ತು ಹಾಕಿ ನೋಡಿ, "ಬಕ ಪಕ್ಷಿ ಥರ ಇದೆ" ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆಯೇ.

ಮೂಟೆ ಇಳಿಸಿ, ಮೊಟ್ಟೆ ಏರಿಸಿ ಕೆಳಗಿಳಿದನಲ್ಲ, ಆಗ ಆಯಿತು ಗ್ರಹಚಾರ. ಒಂದೊಂದು ಕಲ್ಲಿಗೂ ಗಾಡಿ ಎಗರಿ ಎಗರಿ ಬಿತ್ತು. ಎಷ್ಟು ನಿಧಾನ ಬಿಟ್ಟರೂ ಅಷ್ಟೇ. ಹಿಂದಿನಿಂದ ಪಟಪಟ ಸದ್ದು ಬಂದಾಗ ಇವನ ಜೀವ ಬಾಯಿಗೆ ಬಂತು. ಕೆಳಗೆ ಬಂದು ನಿಲ್ಲಿಸಿದರೆ ಹಿಂಬಾಗಿಲ ಸಂದಿಯಿಂದ ಹಳದಿ ಲೋಳೆ ತೊಟ್ಟಿಕ್ಕುತ್ತಿತ್ತು. ಅರ್ಧಕ್ಕರ್ಧ ಮೊಟ್ಟೆ ಹೋಗಿತ್ತು.

ಅಕ್ಕ ಫೋನು ಮಾಡಿದಳು. ಅವಳಿಗೆ ಸುಳ್ಳು ಹೇಳಿ ಇವನಿಗೆ ಅಭ್ಯಾಸವಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಬಯ್ಯಲಿಲ್ಲ, ಅದೇ ಇವನಿಗೆ ಹೆದರಿಕೆ ಹುಟ್ಟಿಸಿತು.

"ಸಾಕು ಬಿಡೋ. ನೀನು ಮಾಡೋದೆಲ್ಲ ಮಾಡಿದ್ದೀಯ. ಭಾನುವಾರ ಸಂಜೆ ಅವರು ಮುಂಗಡ ತಗೊಂಡು ಬರ್ತಾರೆ, ಹೂಂ ಅಂದ್ಬಿಡ್ತೀನಿ."

ಫೋನು ಜೇಬಿಗಿಟ್ಟು ಅವನು ಗಾಡಿ ತೊಳೆಯಲು ನಿಂತ. ನೀರು ಹಾಕಿ ಉಜ್ಜಿ ಉಜ್ಜಿ, ಕೊನೆಗೆ ಸಿಟ್ಟು ತಡೆಯಲಾರದೆ ಹಿಂಬದಿಯಿಂದ ಮೇಲೆ ಹತ್ತಿ ಧಡ್ ಎಂದು ಎಗರಿದ. ಗಾಡಿ ಅಲುಗಲಿಲ್ಲ. ಇನ್ನೊಮ್ಮೆ ಎಗರಿದ. ಅಲುಗಲೇ ಇಲ್ಲ! ಮೊದಲೆಲ್ಲ ಇವನು ಹತ್ತಿದರೆ ಸಾಕು, ಗಾಡಿ ಒಂದು ಸಲ ಕುಗ್ಗಿ ಏಳುತ್ತಿತ್ತು. ಬೆಳಿಗ್ಗೆ ಮೂಟೆ ಹೇರಿದ್ದಾಗ ಮೆತ್ತಗೆ ಹೋದ ಗಾಡಿ, ಮೊಟ್ಟೆ ಇದ್ದಾಗ ಯಾಕೆ ಎಗರಿತು ಎನ್ನುವುದು ಈಗ ಹೊಳೆಯಿತು. ಒದ್ದೆ ಕೈಯಲ್ಲೇ ಭಾವನಿಗೆ ಫೋನು ಹಚ್ಚಿದ.

ಭಾವ ಬಂದು ತಾನೂ ಹತ್ತಿ ಎಗರಿದ. ನಡುಬೀದಿಯಲ್ಲಿ, ಮಕ್ಕಳ ತಂದೆಯರಾದ ಇಬ್ಬರು ಗಂಡಸರು ಪಿಕಪ್ಪಿನಲ್ಲಿ ನಿಂತು ಕುಣಿಯುವುದನ್ನು ಎದುರು ಮನೆಯವರು ಮತ್ತೊಮ್ಮೆ ಹೊರಗೆ ಬಂದು ನೋಡಿದರು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಭಾವ ಹಣೆ ಚಚ್ಚಿಕೊಂಡ. "ಕಲ್ಲು ಹೊರೋ ಗಾಡಿ ಮಾಡಿಟ್ಟಿದ್ದೀನಲ್ಲೋ! ಮೊಟ್ಟೆಗೇನು ಭಾರ ಇರುತ್ತೆ? ಈ ಪಟ್ಟಿ ಬಗ್ಗೋಕೆ ಅದು ಸಾಲುತ್ತಾ?"

"ಹಾಗಾದ್ರೆ ಪಟ್ಟಿ ಬಿಚ್ಚು ಭಾವ."

"ನಾನು ಕೈಯಾರೆ ಕಟ್ಟಿದ್ದನ್ನ ನಾನೇ ಬಿಚ್ಚೋದಾ?" ಭಾವನ ಮೂಗು ಕೆಂಪಾಯಿತು.

ಆಗ ಜೋಪಾನಣ್ಣ ಎಂದೂ ಆಡದ ಮಾತು ಆಡಿದ. "ಅಕ್ಕ ನನ್ನ ಸಾಕಿದಾಳೆ ಭಾವ. ಆ ಗುಡ್ಡ ಬಿಟ್ರೆ ಅವಳು ಉಳಿಯಲ್ಲ. ನಿನ್ನ ಕಾಲು ಹಿಡ್ಕೋತೀನಿ." ಹೇಳುತ್ತಾ ಬಗ್ಗಿಯೇಬಿಟ್ಟ. ಭಾವ ಬೇರೆ ಕಡೆ ಮುಖ ತಿರುಗಿಸಿ, "ಕಾಲು ಬೇಡ, ಜಾಕಿ ಹಿಡ್ಕೋ ಬಾ" ಎಂದ.

ಸೇರಿಸಿದ್ದ ಪಟ್ಟಿಗಳನ್ನೆಲ್ಲ ತೆಗೆದರು. ಹಳೇ ಕಮಾನು ಹಾಗೇ ಉಳಿಯಿತು. ಅದಕ್ಕೂ ಚಕ್ರಗಳ ಆಕ್ಸಲಿಗೂ ನಡುವೆ ಗಟ್ಟಿ ಕಬ್ಬಿಣದ ತುಂಡು ಇಟ್ಟು ಉದ್ದದ ಬೋಲ್ಟಿನಿಂದ ಕಚ್ಚಿಸಿದರು. ಎತ್ತರಕ್ಕೆ ಎತ್ತರವೂ ಆಯಿತು, ಮೆತ್ತಗೆ ಮೆತ್ತಗೂ ಆಯಿತು. ದಪ್ಪ ಟೈರುಗಳಿಂದ ಒಂಚೂರು ಗಾಳಿಯನ್ನೂ ಬಿಟ್ಟರು. ಜೋಪಾನಣ್ಣ ಹತ್ತಿ ಎಗರಿದ. ಗಾಡಿ ಕುಗ್ಗಿ ಎದ್ದಿತು.

ಭಾನುವಾರ ಬೆಳಿಗ್ಗೆ ಗುಡ್ಡದ ಮೇಲೆ ಅವನು ಟ್ರೇಗಳನ್ನು ಜೋಡಿಸಿ ಹಗ್ಗ ಬಿಗಿದಾಗ ಅಕ್ಕ ಸೀರೆ ಸರಿ ಮಾಡಿಕೊಂಡು ಹೊರಗೆ ಬಂದಳು.

"ನಾನೂ ಬರ್ತೀನಿ. ಕಣ್ಣಾರೆ ನೋಡ್ಬೇಕು."

ಹತ್ತಲು ಅವಳಿಗೂ ಎಟುಕಲಿಲ್ಲ. ತಮ್ಮ ಎರಡೂ ಕೈ ಕೊಟ್ಟು ಎತ್ತಿ ಕೂರಿಸಿದ. ಎಷ್ಟು ಹಗುರವಾಗಿದ್ದಾಳೆ ಎಂದು ಅವನ ಎದೆ ಚುರುಕ್ಕೆಂದಿತು. ಇಳಿಯುವಾಗ ಅಕ್ಕನ ಕಿವಿಯೆಲ್ಲ ಹಿಂದೆಯೇ ಇತ್ತು. ಅತಿ ಕೆಟ್ಟ ತಿರುವಿನಲ್ಲಿ ಅವಳು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಗಾಡಿ ತೂಗಿ ತೂಗಿ ಬಂಡೆ ದಾಟಿತು.

ಬೇಕರಿಯ ಮುಂದೆ ನಿಲ್ಲಿಸಿದ ಮೇಲೆ ಅವಳು ತಮ್ಮನಿಗೆ ಮುಟ್ಟಲೂ ಬಿಡಲಿಲ್ಲ. ಒಂದೊಂದೇ ಟ್ರೇ ಎತ್ತಿ, ಬೆಳಕಿಗೆ ತಿರುಗಿಸಿ, ತಾನೇ ನೋಡಿದಳು. ಒಂದೇ ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಜೋಪಾನಣ್ಣ ಅಕ್ಕನ ಮುಖ ನೋಡಿದ.

"ಇದು ಆ ಕುಂಟು ಕೋಳೀದು," ಎಂದಳು ಅಕ್ಕ. "ಅದು ಯಾವತ್ತೂ ತೆಳು ಚಿಪ್ಪಿಂದೇ ಇಡೋದು. ಗಾಡಿ ತಪ್ಪಲ್ಲ."

ಫೋನು ತೆಗೆದು, ಸಂಜೆ ಬರುವವರಿಗೆ ಬರಬೇಡಿ ಎಂದಷ್ಟೇ ಹೇಳಿ ಇಟ್ಟಳು. ತಮ್ಮ ಕಣ್ಣು ಒರೆಸಿಕೊಳ್ಳುವುದನ್ನು ನೋಡಿಯೂ ನೋಡದ ಹಾಗೆ ಬೀದಿಯ ಆ ತುದಿಗೆ ಕೈ ತೋರಿಸಿದಳು.

"ಕೋಳಿಮರಿ ಮಾರೋ ಅಂಗಡಿ ಅಲ್ಲೇ ಅಲ್ವಾ? ಹೇಗೂ ಗಾಡಿ ಖಾಲಿ ಹೋಗುತ್ತೆ. ಎರಡು ಪೆಟ್ಟಿಗೆ ಹಾಕ್ಕೊಂಡು ಹೋಗೋಣ ನಡಿ."

"ಅಕ್ಕ, ಅವು ಮೊಟ್ಟೆ ಇಡೋಕೆ ಇನ್ನೂ ಐದಾರು ತಿಂಗಳು ಬೇಕು."

"ಬೇಕಾದ್ರೆ ಬೇಕು," ಎಂದಳು ಅಕ್ಕ. "ನಾನೆಲ್ಲಿಗೆ ಹೋಗ್ತೀನಿ?"