ಗುಂಡಿಗೆ ಹಚ್ಚಿದ ಕುಂಕುಮ

ಮಕ್ಕಳೇ, ಹೋದ ರಜೆಯಲ್ಲಿ ನೀವು ತಾತನ ಕಪಾಟಿನಿಂದ ಆ ಮೌಸನ್ನು ತೆಗೆದು, ಅದರ ಗುಂಡನ್ನು ಹೊರಗೆ ಉರುಳಿಸಿ, "ಅಜ್ಜೀ, ಈ ಗುಂಡಿನ ಕುಣಿ ಅಂಚಿಗೆ ಕೆಂಪು ಯಾಕ ಐತಿ?" ಎಂದು ಕೇಳಿದಿರಿ. ನಾನು "ಏನೋ ಬಣ್ಣ" ಎಂದು ಅಡುಗೆಮನೆಗೆ ಹೋದೆ. ಬಾಯಿಂದ ಹೇಳಲು ಆಗದ್ದನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮ ತಾತ ಕೌಲ್ ಬಜಾರಿನ ಅಂಗಡಿಯಲ್ಲಿ ಕಂಪ್ಯೂಟರಿನ ಮೇಲೆ ಮದುವೆ ಕಾರ್ಡುಗಳನ್ನು ಮಾಡುತ್ತಿದ್ದರು. ಪಾರ್ಶ್ವವಾಯು ಬಡಿದು ಬಲಗೈ ಹೋಯಿತು. ಮೊದಲೇ ಭುಜ ಹಿಡಿದಿದ್ದ ಎಡಗೈಯಲ್ಲಿ ಬೆರಳು ಆಡುತ್ತಿದ್ದವು, ತೋಳು ಸರಿಯುತ್ತಿರಲಿಲ್ಲ. ಅಂಗಡಿ ಮುಚ್ಚಿ ಕಂಪ್ಯೂಟರನ್ನು ಮನೆಗೆ ತಂದೆವು. ಆಗಲೇ ನಿಮ್ಮ ಅಮ್ಮನ ಮದುವೆ ಕುರುಗೋಡಿನಲ್ಲಿ ಗೊತ್ತಾಯಿತು. ಊರ ಮಂದಿಗೆಲ್ಲ ಕಾರ್ಡು ಮಾಡಿದವರಿಗೆ ಮಗಳದ್ದನ್ನೂ ತಮ್ಮ ಕೈಯಿಂದಲೇ ಮಾಡಬೇಕೆಂಬ ಒಂದೇ ಆಸೆ.

ನಿಮ್ಮ ಅಮ್ಮನೇ ಆ ಮೌಸನ್ನು ತರಿಸಿದಳು. ನಡುವೆ ನಿಂಬೆಹಣ್ಣಿನಷ್ಟು ಗುಂಡು.

"ಅಪ್ಪಾ, ಇದನ್ನ ಸರಸಬ್ಯಾಡ. ಇದು ಕುಂತಲ್ಲೇ ಕುಂದರ್ತೈತಿ. ಬೆರಳಿಲೆ ಗುಂಡು ಉರುಳಿಸು, ಸಾಕು."

"ಅಂದ್ರ ನನ್ನಂಗ ಅನ್ನು!" ಎಂದು ನಕ್ಕರು. ನನ್ನ ಕಡೆ ತಿರುಗಿ, "ನೋಡಲೇ, ಈ ವಯಸ್ಸಿನ್ಯಾಗ ಮತ್ತ ಗೋಲಿ ಆಡಾಕ ಹಚ್ಯಾಳ ನಿನ್ನ ಮಗಳು" ಎಂದರು. ಕಾಯಿಲೆಯಾದ ಮೇಲೆ ಅವರು ನಕ್ಕದ್ದು ಅವತ್ತೇ.

ದಿನಕ್ಕೆ ಒಂದಿಷ್ಟು ಕೆಲಸ ಸಾಗಿತು. ಕಾರ್ಡಿನ ಅಂಚಿನ ಬಳ್ಳಿಯ ಚಿತ್ತಾರ ಮುಗಿಯಿತು, ಹೆಸರುಗಳಷ್ಟೇ ಉಳಿದವು. ಗುಂಡನ್ನು ಯಾರೂ ಮುಟ್ಟಬಾರದು ಎಂದಿದ್ದರು. ತಾವೇ ಒಣಬಟ್ಟೆಯಿಂದ ಒರೆಸುತ್ತಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕರೂರಿನ ನಮ್ಮ ತವರಿನಲ್ಲಿ ಕುಡುಗೋಲಿನ ಹಿಡಿಗಲ್ಲ, ಕೊಯ್ಯುವ ಬಾಯಿಗೇ ಕುಂಕುಮ ಹಚ್ಚುತ್ತಿದ್ದರು. ಯಾವುದು ದುಡಿಯುತ್ತದೋ ಅದಕ್ಕೆ ಪೂಜೆ. ಈ ಮೌಸಿನಲ್ಲಿ ದುಡಿಯುವುದು ಗುಂಡು ತಾನೆ? ತಾತ ಸ್ನಾನಕ್ಕೆ ಕೂತಾಗ ಕುಂಕುಮವನ್ನು ನೀರಲ್ಲಿ ಕಲಸಿ ಗುಂಡಿಗೆ ದಪ್ಪಗೆ ಬೊಟ್ಟಿಟ್ಟೆ. ಅದು ಗುಂಡಿನ ಸಂದಿಯಿಂದ ಒಳಗೆ ಇಳಿದದ್ದನ್ನು ನೋಡಲಿಲ್ಲ. ಪೂಜೆಯಾದ ಮೇಲೆ, ಬೈದಾರೆಂದು ಮೇಲುಮೇಲೆ ಒರೆಸಿಟ್ಟೆ.

ಮರುದಿನ ಬೀಗರು ಕಾರ್ಡು ನೋಡಲು ಬಂದರು. ತಾತ ಗುಂಡು ಉರುಳಿಸಿದರೆ ಪರದೆಯ ಮೇಲೆ ಬಾಣ ಅಲುಗಲಿಲ್ಲ. ಮತ್ತೆ ಮತ್ತೆ ಉರುಳಿಸಿದರು. ಹಣೆ ಬೆವರಿತು. ಬೆರಳ ತುದಿ ಕೆಂಪಾದದ್ದು ಬಾಗಿಲ ಹಿಂದೆ ನಿಂತಿದ್ದ ನನಗೆ ಕಂಡಿತು. ಹಿಂದಿನ ದಿನ ಅಕ್ಕಪಕ್ಕದವರೆಲ್ಲ ತಾತನಿಗೆ ಕುಂಕುಮ ಹಚ್ಚಿ ಹೋಗಿದ್ದರು, ಹಾಗಾಗಿ ಬೆರಳಿನ ಆ ಕೆಂಪಿನ ಮೇಲೆ ಅವರಿಗೆ ಗಮನ ಹೋಗಲಿಲ್ಲ.

"ಈ ಕೈನೂ ಹೋತು," ಎಂದರು ಮೆಲ್ಲಗೆ.

"ಇರ್ಲಿ ಬಿಡ್ರಿ ಬೀಗರ," ಎಂದರು ಕುರುಗೋಡಿನ ಹಿರಿಯರು. "ಸಿರುಗುಪ್ಪದಾಗ ನಮ್ಮ ಪೈಕಿ ಒಬ್ರು ಅದಾರ. ಅಲ್ಲಿ ಮಾಡಿಸಾನು."

ತಾತ ತಲೆಯಾಡಿಸಿದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಬೀಗರ ಮುಂದೆ ಬರಲಾಗದೆ ಬಾಗಿಲ ಹಿಂದೆಯೇ ನಿಂತೆ.

ಬೀಗರು ಹೋದ ಮೇಲೆ ಗುಂಡು ತೆಗೆದು, ಅದರ ಉರುಳಾಟವನ್ನು ಗುರುತಿಸುವ ಒಳಗಿನ ಸಣ್ಣ ದೀಪದ ಕಿಂಡಿಗೆ ಮೆತ್ತಿದ್ದ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿದೆ. ಬಾಣ ಓಡಿತು.

"ಈಗ ಚಲೋ ಆಗೈತ್ರಿ. ಒಂದ್ಸಲ ನೋಡ್ರಿ."

"ಸಮಾಧಾನ ಮಾಡಾಕ ಬರಬ್ಯಾಡ. ಅದು ಚಲೋನ ಐತಿ. ಕೆಟ್ಟಿದ್ದು ನಾನು."

ತಪ್ಪು ನನ್ನದು ಎನ್ನದೆ, ಸೆರಗಿನ ಕೆಂಪು ತೊಳೆಯಲು ಹೋದೆ. ಅವರು ಮತ್ತೆ ಅದರ ಮೇಲೆ ಕೈಯಿಡಲಿಲ್ಲ.

ಸಿರುಗುಪ್ಪದಿಂದ ಕಾರ್ಡು ಬಂದಾಗ ಬಹಳ ಹೊತ್ತು ಹಿಡಿದು ನೋಡಿ, "ಅಕ್ಷರ ಒತ್ತೊತ್ತಾಗ್ಯಾವ" ಎಂದರು, ಅಷ್ಟೇ. ಮುಂದಿನ ಬೇಸಿಗೆಗೆ ತೀರಿಹೋದರು. ಕೈ ಹೋಯಿತೆಂದು ನಂಬಿಕೊಂಡೇ ಹೋದರು.

ನಿಮ್ಮ ಅಮ್ಮನ ಆಲ್ಬಮಿನಲ್ಲಿರುವುದು ಆ ಸಿರುಗುಪ್ಪದ ಕಾರ್ಡು. ತಾತ ಮಾಡಿದ ಬಳ್ಳಿ ಇನ್ನೂ ಹಳೆಯ ಕಂಪ್ಯೂಟರಿನಲ್ಲಿದೆ, ನಡುವೆ ಖಾಲಿ. ನಿಮಗೆ ತೆಗೆಯಲು ಬಂದರೆ ಒಮ್ಮೆ ತೆಗೆದು ನೋಡಿ. ಅವರ ಕೈ ಚೆನ್ನಾಗಿಯೇ ಇತ್ತು.