ಮಡಂತ್ಯಾರಿನಿಂದ ಹೋಗದ ಒಂದು ಸಾಲು

ಶಶಿಕಲಕ್ಕನ ಬ್ಲಾಗನ್ನು ನಮ್ಮ ಮುಕ್ತ ತಂತ್ರಾಂಶ ಬಳಗದವರು ತಿರಸ್ಕರಿಸಲಿಲ್ಲ. ಅವರು ಅದನ್ನು ನೋಡಿಯೇ ಇಲ್ಲ. ನಾನು ಕಳುಹಿಸಿರಲಿಲ್ಲ — ಕಳುಹಿಸಿದೆನೆಂದು ಹೇಳಿದೆ. ಅವರು ಬೇಡವೆಂದರು ಎಂದೂ ಹೇಳಿದೆ. ಶಶಿಕಲಕ್ಕ ಆರು ವರ್ಷಗಳಿಂದ ಅದನ್ನು ನಂಬಿಕೊಂಡಿದ್ದಾರೆ.

ಬಳಗಕ್ಕೆ ಅಂತರಜಾಲದಲ್ಲಿ ಒಂದು ಪುಟವಿದೆ. ಸದಸ್ಯರು ತಮ್ಮ ಬ್ಲಾಗುಗಳಲ್ಲಿ ಬರೆದದ್ದೆಲ್ಲ ತಾನಾಗಿ ಅಲ್ಲಿ ಬಂದು ಸೇರುತ್ತದೆ. ಸದಸ್ಯರಾಗಲು ಪಟ್ಟಿಗೆ ಹೆಸರು, ವಿಳಾಸಗಳ ಒಂದು ಸಾಲು ಸೇರಿಸಿ ಕಳುಹಿಸಬೇಕು. ಪಟ್ಟಿಯಲ್ಲಿ ಮೊದಲೇ ಇರುವ ಒಬ್ಬರು ಎರಡು ಮಾತಿನ ಪರಿಚಯ ಬರೆಯಬೇಕು. ಇಷ್ಟೇ. ಮೂಡುಬಿದಿರೆಯ ಉಪನ್ಯಾಸಕರೊಬ್ಬರು ನನಗೆ ಪರಿಚಯ ಬರೆದರು. ಸಿದ್ಧಕಟ್ಟೆಯ ಬೀಡಿ ಕಟ್ಟುವ ಮನೆಯ ಮೊದಲ ಪದವೀಧರನಾದ ನನ್ನ ಹೆಸರು ಆ ಪುಟದಲ್ಲಿ ಮೂಡಿದಾಗ, ನಾನು ಪರದೆಯ ಮುಂದೆ ಒಬ್ಬನೇ ಕುಳಿತು ಅಂಗಿಯ ಗುಂಡಿ ಸರಿಮಾಡಿಕೊಂಡೆ. ಅಂಥ ಮನುಷ್ಯ ನಾನು.

ಶಶಿಕಲಕ್ಕನದು ಮಡಂತ್ಯಾರಿನಲ್ಲಿ ಜೆರಾಕ್ಸ್ ಅಂಗಡಿ. ಓದಿದ್ದು ಹತ್ತನೆಯ ತರಗತಿ. ಇತರರು ಗುಜರಿಗೆ ಹಾಕುವ ಕಂಪ್ಯೂಟರುಗಳನ್ನು, ಕಾಸಿಲ್ಲದೆ ಸಿಗುವ ಮುಕ್ತ ತಂತ್ರಾಂಶ ಹಾಕಿ ಎಬ್ಬಿಸಿ ಕೂರಿಸುತ್ತಿದ್ದರು. ಎಬ್ಬಿಸಿದ ಬಗೆಯನ್ನು ಬ್ಲಾಗಿನಲ್ಲಿ ಬರೆಯುತ್ತಿದ್ದರು. ಹಾಲಿನ ಡೈರಿಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳು ಬರಿಯ ಚೌಕಗಳಾಗಿ ಕಾಣುತ್ತಿದ್ದವು. ಅದನ್ನು ಸರಿಪಡಿಸಿದ ಕಥೆಯಲ್ಲಿ, ನಡುವೆ ಕೀಲಿಮಣೆ ಹತ್ತಿದ ಕೋಳಿಯೂ ಇತ್ತು.

ನನ್ನ ಹೆಸರನ್ನು ಪುಟದಲ್ಲಿ ನೋಡಿ ಅವರಿಗೆ ನನಗಿಂತ ಹೆಚ್ಚು ಸಂತೋಷವಾಯಿತು.

“ನಂದೂ ಒಂದು ಹಾಕು ಮಾರಾಯ. ಆ ಇಂಗ್ಲಿಷ್ ಫಾರಮ್ಮೆಲ್ಲ ನಂಗೆ ಗೊತ್ತಾಗುದಿಲ್ಲ. ನೀನು ಈಗ ದೊಡ್ಡ ಜನ ಅಲ್ವಾ?”

ಕೆಟ್ಟುಹೋದ ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಬ್ಲಾಗಿನ ವಿಳಾಸ ಬರೆದುಕೊಟ್ಟರು. ಪರಿಚಯ ಬರೆಯಬೇಕಾದವನು ನಾನು.

ಬರೆಯಲಿಲ್ಲ. ಕೋಳಿಯ ಕಥೆ ಬರೆಯುವವರನ್ನು ಪರಿಚಯಿಸಿದರೆ ನನ್ನ ಮರ್ಯಾದೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿಜ ಇನ್ನೂ ಹೇಸಿಗೆಯದು — ಅಕ್ಷರಗಳ ಆ ತೊಂದರೆಯ ಬಗ್ಗೆ ನಾನೂ ಒಂದು ಲೇಖನ ಹಾಕಿದ್ದೆ. ಪರಿಹಾರವೆಲ್ಲ ಅವರ ಅಂಗಡಿಯ ಬೆಂಚಿನ ಮೇಲೆ ಕುಳಿತು ಕಲಿತದ್ದು. ಡೈರಿಯನ್ನು ತೆಗೆದೆ, ಕೋಳಿಯನ್ನು ತೆಗೆದೆ, ಶಶಿಕಲಕ್ಕನನ್ನು ತೆಗೆದೆ; “ಪ್ರಸ್ತುತ ಲೇಖನದಲ್ಲಿ” ಎಂದು ಆರಂಭಿಸಿದೆ. “ಅತ್ಯಂತ ಉಪಯುಕ್ತ” ಎಂದು ಯಾರೋ ಮೆಚ್ಚಿದರು. ವಿನಯದಿಂದ ಧನ್ಯವಾದ ಹೇಳಿದೆ. ಎರಡು ಬ್ಲಾಗುಗಳೂ ಒಂದೇ ಪುಟದಲ್ಲಿ ಬಂದರೆ, ಯಾವುದು ಯಾವುದರಿಂದ ಹುಟ್ಟಿತೆಂದು ತಿಳಿಯಲು ಓದುಗನಿಗೆ ಪದವಿ ಬೇಕಾಗಿರಲಿಲ್ಲ.

ಎರಡು ವಾರ ಬಿಟ್ಟು ಅಂಗಡಿಗೆ ಹೋಗಿ ಹೇಳಿದೆ: “ಅವರು ಬೇಡ ಹೇಳಿದ್ರು ಅಕ್ಕ. ಬರಹದ ಮಟ್ಟ ಸಾಲದಂತೆ.”

‘ಮಟ್ಟ’ — ಆ ಶಬ್ದವನ್ನು ನಾನು ಬಸ್ಸಿನಲ್ಲಿ, ಪುಂಜಾಲಕಟ್ಟೆ ದಾಟುವಾಗ, ಆರಿಸಿ ಇಟ್ಟುಕೊಂಡಿದ್ದೆ.

“ಹೌದಾ?” ಎಂದರು. ಸ್ವಲ್ಪ ಹೊತ್ತು ಯಂತ್ರದ ಮುಚ್ಚಳವನ್ನು ಒರೆಸಿದರು. “ಹೌದು, ನಾನು ಬರೆಯುದು ಎಂತ, ಹರಟೆ. ಚಾ ಕುಡಿತೀಯಾ?”

ಕುಡಿದೆ. ಅವರು ಮತ್ತೆ ಒಂದಕ್ಷರವನ್ನೂ ಬರೆಯಲಿಲ್ಲ.

ಕಳೆದ ವಾರ ಅದೇ ಅಂಗಡಿಯಲ್ಲಿ ನಿಂತಿದ್ದೆ. ಶಾಲೆಯ ಹಳೆಯ ಕಂಪ್ಯೂಟರ್ ಸರಿಯಾದುದನ್ನು ಕಂಡ ಶಿಕ್ಷಕಿಯೊಬ್ಬರು, “ಇದನ್ನೆಲ್ಲ ಬರೆದಿಡಿ ಶಶಿಕಲಕ್ಕ, ನಮಗೂ ಉಪಕಾರ ಆಗ್ತದೆ” ಎಂದರು.

ಶಶಿಕಲಕ್ಕ ನಕ್ಕರು. “ಬರೆದಿದ್ದೆ ಟೀಚರೇ! ದೊಡ್ಡವರು ನೋಡಿ ಬೇಡ ಹೇಳಿದ್ರು. ಪಾಪ, ಇವನೇ ಕಳಿಸಿದ್ದು. ನನಗೋಸ್ಕರ ಎಷ್ಟು ಒದ್ದಾಡಿದ್ದಾನೆ, ಕೇಳಿ!”

ಶಿಕ್ಷಕಿ ನನ್ನತ್ತ ಗೌರವದಿಂದ ನೋಡಿದರು. ನಾನು — ಬಾಯಿ ತೆರೆಯಬೇಕಾಗಿದ್ದ ನಾನು — ನಕ್ಕೆ. ಆರು ವರ್ಷಗಳ ಹಿಂದಿನ ಸುಳ್ಳಿಗಿಂತ ಆ ನಗುವಿನ ಮೇಲೆ ನನಗೆ ಹೆಚ್ಚು ಅಸಹ್ಯವಿದೆ.

ನಾನು ಬ್ಲಾಗಿನಲ್ಲಿ ಏನು ಹಾಕಿದರೂ ಅದು ಯಾರನ್ನೂ ಕೇಳದೆ ಬಳಗದ ಪುಟಕ್ಕೆ ಹೋಗುತ್ತದೆ. ಈ ಬರಹವನ್ನು ಮಾತ್ರ ಒಬ್ಬರನ್ನು ಕೇಳದೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಮಡಂತ್ಯಾರಿಗೆ ಹೋಗಿ, ಅವರದೇ ಯಂತ್ರದಲ್ಲಿ ಅಚ್ಚು ತೆಗೆಸಿ, ಅವರ ಕೈಗೇ ಕೊಡುತ್ತೇನೆ. ನೀವು ಈಗ ಓದುತ್ತಿದ್ದೀರೆಂದರೆ ಅವರು ಮೊದಲು ಓದಿ, ಹಾಕು ಎಂದಿದ್ದಾರೆ ಎಂದರ್ಥ, ಕ್ಷಮಿಸಿದ್ದಾರೆ ಎಂದಲ್ಲ.

ಅವರು ಕೊನೆಯ ಸಾಲಿಗೆ ಬರುವವರೆಗೆ ಬೆಂಚಿನ ಮೇಲೆ ಕೂರದೆ ನಿಂತಿರುತ್ತೇನೆ. ಚಾ ಕುಡಿತೀಯಾ ಎಂದು ಈ ಸಲ ಕೇಳಲಾರರು.