ದಕ್ಷಿಣಕ್ಕೆ ತಲೆ ಹಾಕಿದ ಅಪ್ಪ

ಮನೆಯೊಳಗೇ ಕೂತು ಸಿನಿಮಾ ಮಾಡುತ್ತಿರುವ ಸ್ನೇಹಿತರೇ, ಅರ್ಧ ತೆಗೆದ ದೃಶ್ಯವನ್ನು ದಯವಿಟ್ಟು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಲಾಕ್‌ಡೌನ್ ಶುರುವಾದಾಗಿನಿಂದ ನಾನು ಮೊಬೈಲಿನಲ್ಲಿ ಐದು ನಿಮಿಷದ ಕಿರುಚಿತ್ರವೊಂದನ್ನು ತೆಗೆಯುತ್ತಿದ್ದೇನೆ. ಕೊರೋನಾ ಬಂದು ಸಾಯುವ ಯಜಮಾನನ ಪಾತ್ರ ನಮ್ಮ ಅಪ್ಪನದು. ಇಂದು ಬೆಳಿಗ್ಗೆ ಅವರನ್ನು ಜಗುಲಿಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ ಮಲಗಿಸಿ, ತಲೆಯ ಹತ್ತಿರ ದೀಪ ಇಟ್ಟು ಚಿತ್ರೀಕರಿಸಿದೆ. ಚೆನ್ನಾಗಿ ಬಂತೆಂಬ ಖುಷಿಗೆ ಗುಂಪಿಗೆ ಕಳಿಸಿದೆ. ಹುಲೇಕಲ್ಲಿನ ಚಿಕ್ಕಪ್ಪನ ಮನೆಯಲ್ಲಿ ನೆಟ್‌ವರ್ಕ್ ಕಡಿಮೆ. ವಿಡಿಯೊ ತೆರೆಯಲಿಲ್ಲ, ಮೊದಲ ಚಿತ್ರವಷ್ಟೇ ಕಂಡಿತು.

ಅರ್ಧ ಗಂಟೆಯಲ್ಲಿ ಚಿಕ್ಕಪ್ಪನ ಫೋನ್ ಬಂತು. "ತಮಾ, ಅಣ್ಣ ಎಷ್ಟೊತ್ತಿಗೆ ಹೋದ? ದಾರಿ ಮೇಲೆ ಪೊಲೀಸರು, ಅಲ್ಲಿಗೆ ಬಪ್ಲೆ ಆಗ್ತಿಲ್ಲೆ. ಆನು ಮಿಂದಾತು. ಸೂತಕ ಹೇಳಿ ಪೂಜೆನೂ ನಿಲ್ಸಿದ್ದಿ."

ಪಕ್ಕದಲ್ಲೇ ಕೂತು ಕೇಳುತ್ತಿದ್ದ ಅಪ್ಪ ಫೋನ್ ಕಿತ್ತುಕೊಂಡರು. "ಆನು ಬದುಕೇ ಇದ್ದಿ ಮಾರಾಯ. ಇವ ಸಿನಿಮಾ ತೆಗೀತಾ ಇದ್ದ."

ಚಿಕ್ಕಪ್ಪ ಕೇಳಿದರು, "ಹಂಗಾರೆ ಈಗ ಪೂಜೆ ಮಾಡ್ಲಕ್ಕಾ?"

"ಮಾಡು. ಎಂತಕ್ಕೂ ಇನ್ನೊಂದ್ಸಲ ಮಿಂದ್ಕ" ಎಂದರು ಅಪ್ಪ.

ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆಂದು ಈಗ ಗುಂಪಿನಲ್ಲಿ ಎಲ್ಲರೂ ನಗುತ್ತಿದ್ದಾರೆ. ನನಗೆ ನಗು ಬರುತ್ತಿಲ್ಲ. ಮಧ್ಯಾಹ್ನ ಊಟ ಮಾಡುವಾಗ ಅಪ್ಪ ಎರಡು ಸಲ ಕೆಮ್ಮಿದರು. ನಾನು ತಲೆಯೆತ್ತಿ ನೋಡಿದ್ದಕ್ಕೆ, "ಆನು ಸಿನಿಮಾಕ್ಕೆ ಅಭ್ಯಾಸ ಮಾಡ್ತಾ ಇದ್ದಿ" ಎಂದರು.

ಕೆಮ್ಮುವ ದೃಶ್ಯವನ್ನು ಮೊನ್ನೆಯೇ ತೆಗೆದು ಮುಗಿಸಿದ್ದೇವೆ.